ತಮ್ಮನ ತೂಕ

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ, ಈ ನಾಲ್ಕು ತಾಲೂಕಿನಲ್ಲಿ ಆ ಕಾಲಕ್ಕೆ ಕಬಡ್ಡಿ ಆಡಿದ ಯಾರನ್ನಾದರೂ ಕೇಳಿ, ತೂಕದ ಮಾಸ್ತರ ಅಂದರೆ ನನ್ನನ್ನೇ ತೋರಿಸುತ್ತಾರೆ. ಈ ಹೆಸರನ್ನು ನಾನು ಬೇಡಿ ಪಡೆದದ್ದಲ್ಲ. ಗಳಿಸಿದ್ದೂ ಅಲ್ಲ, ಆದರೆ ಆ ಮಾತು ಆಮೇಲೆ. ನಾನು ಮನಗೂಳಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ, ಒಳಗೆ ಮಾತ್ರ ಪುಕ್ಕಲು. ಹುಡುಗರು ಹೈಜಂಪ್ ಮಾಡುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ ಎಂದರೆ ನಂಬಬೇಕು. "ಇವಗ ಹಾವ ಯಾಕ ಬೇಕು, ಹಗ್ಗ ಕಂಡ್ರ ಸಾಕು" ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಹಳ್ಳಿ ಕಬಡ್ಡಿ ತೂಕದ ಮೇಲೆ ನಡೆಯುತ್ತಿತ್ತು. ಐವತ್ತೈದು ಕಿಲೋದ ಪಂದ್ಯ ಎಂದರೆ ಅಂಗಳಕ್ಕೆ ಇಳಿಯುವ ಏಳೂ ಜನ ಐವತ್ತೈದರ ಒಳಗಿರಬೇಕು. ಪಂದ್ಯದ ದಿನ ಬೆಳಿಗ್ಗೆ ಕಾಳುಕಡ್ಡಿ ಮಾರಿಸುವ ಅಡತಿ ಅಂಗಡಿಯಿಂದ ಕಾಟಾ ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು. ಜೋಳದ ಚೀಲ ತೂಗುವ ಕಾಟಾ ಅದು. ಕೆಳಗೆ ಕಬ್ಬಿಣದ ಹಲಗೆ, ಎದುರಿಗೆ ಕಂಬ, ಕಂಬದ ಮೇಲೆ ಅಡ್ಡ ದಂಡಿಗೆ. ದಂಡಿಗೆಯ ಮೇಲಿನ ಗುಂಡನ್ನು ಐವತ್ತೈದಕ್ಕೆ ಸರಿಸಿ ಇಡುವುದು, ಹುಡುಗ ಚಡ್ಡಿಯ ಮೇಲೆ ಬಂದು ಹಲಗೆ ಹತ್ತುವುದು. ದಂಡಿಗೆ ಎದ್ದರೆ ತೂಕ ಹೆಚ್ಚು, ಅವನು ಹೊರಗೆ. ಏಳದಿದ್ದರೆ ಒಳಗೆ. ಒಳಗಾದವನ ತೋಳಿಗೆ ಅಂಗಡಿಯ ರಬ್ಬರ್ ಸಿಕ್ಕಾ ಒತ್ತಿ ಕಳಿಸುತ್ತಿದ್ದೆವು. ಎದುರು ತಂಡದವನೊಬ್ಬ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು, ಯಾರಾದರೂ ಹುಡುಗನ ಬಗಲಿಗೆ ಕೈ ಕೊಟ್ಟು ಹಗುರ ಮಾಡುತ್ತಾರೇನೋ ಎಂದು ನೋಡುತ್ತಿದ್ದ. ಹಗುರ ಮಾಡುವವರ ಮೇಲೆ ಎಲ್ಲರ ಕಣ್ಣು ಇರುತ್ತಿತ್ತು.

ಇದರ ಸಲುವಾಗಿ ಹುಡುಗರು ಪಡುತ್ತಿದ್ದ ಪಾಡು ನೋಡಬಾರದು. ಎರಡು ದಿನ ಮೊದಲೇ ರೊಟ್ಟಿ ಬಿಡುತ್ತಿದ್ದರು, ಆಮೇಲೆ ನೀರು. ಬ್ಯಾಸಗಿ ಬಿಸಿಲಿನಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಓಡುತ್ತಿದ್ದರು. ಭೇದಿಯಾಗಲೆಂದು ಜುಲಾಬಿನ ಗುಳಿಗೆ ನುಂಗುತ್ತಿದ್ದರು. ತಲೆ ಬೋಳಿಸಿದರೆ ಎಷ್ಟೋ ಗ್ರಾಂ ಇಳಿಯುತ್ತದೆ ಎಂದು ಬೋಳಿಸಿಕೊಂಡು ಬಂದವರೂ ಇದ್ದರು. ಕೊನೆಗೆ ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡು ಕಾಟಾದ ಸರದಿಯಲ್ಲಿ ನಿಂತು ಉಗುಳುತ್ತಿದ್ದರು, ಆ ಉಗುಳಿನಷ್ಟಾದರೂ ತೂಕ ಕಡಿಮೆಯಾಗಲಿ ಎಂದು. ಸಿಕ್ಕಾ ಬಿದ್ದ ಮರುಕ್ಷಣ ಓಡಿ ಹೋಗಿ ಕೊಡಕ್ಕೆ ಬಾಯಿ ಹಚ್ಚುತ್ತಿದ್ದರು. ಅದನ್ನು ನೋಡಿ ಜನ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಮೊದಮೊದಲು ಹೀಗಿರಲಿಲ್ಲ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಊರ ಹುಡುಗರೇ ಊರಿನ ಪರವಾಗಿ ಆಡುತ್ತಿದ್ದರು. ಗೆದ್ದರೆ ಒಂದು ಟಾವೆಲ್, ಒಂದು ತೆಂಗಿನಕಾಯಿ. ಆಮೇಲೆ ಯಾವುದೋ ಊರಿನವರು ಪಕ್ಕದ ಊರಿನ ಒಬ್ಬ ರೇಡರ್‌ಗೆ ಬಸ್ ಚಾರ್ಜು ಕೊಟ್ಟು ಊಟ ಹಾಕಿ ಕರೆಸಿದರು. ಅವರು ಗೆದ್ದರು. ಮುಂದಿನ ಸಲ ಸೋತವರು ಇಬ್ಬರನ್ನು ಕರೆಸಿದರು. ಹೀಗೆ ಬೆಳೆಯುತ್ತ ಐದಾರು ವರ್ಷದಲ್ಲಿ ರೊಕ್ಕ ಕೊಟ್ಟು ಹುಡುಗರನ್ನು ತರುವುದೇ ರೂಢಿಯಾಯಿತು. ಅಂಗಳದ ಸುತ್ತ ಬಾಜಿ ಕಟ್ಟುವವರೂ ಬಂದರು. ತಾವು ಬಾಜಿ ಕಟ್ಟಿದ ಹುಡುಗ ಜಾರಿ ಬಿದ್ದರೂ ಸಾಕು, "ಮಾರಕೊಂಡಾನ ಮಗಾ" ಎನ್ನುತ್ತಿದ್ದರು. ಆಟ ಆಡುವ ಹುಡುಗರಿಗೆ ಆಟವೇ ಪಗಾರವಾಯಿತು.

ಅಂಥ ಹುಡುಗರಲ್ಲಿ ನನ್ನ ತಮ್ಮನೂ ಒಬ್ಬ. ನನಗಿಂತ ಎಂಟು ವರ್ಷ ಸಣ್ಣವನು. ಅಪ್ಪ ತೀರಿಕೊಂಡ ಮೇಲೆ ಅವ್ವನೂ ಅವನೂ ನನ್ನ ಜೊತೆ ಮನಗೂಳಿಯಲ್ಲೇ ಇದ್ದರು. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಕುಳಿತಿದ್ದ. ಆದರೆ ಅಂಗಳಕ್ಕೆ ಇಳಿದ ಎಂದರೆ, ಅಣ್ಣ ಎಂದು ಹೊಗಳುವುದಲ್ಲ, ನೋಡುವವರು ಉಸಿರು ಬಿಡುವುದನ್ನೇ ಮರೆಯುತ್ತಿದ್ದರು. ನಾಲ್ಕು ಜನ ಕಾಲು ಹಿಡಿದರೂ ಗೆರೆಯ ಕಡೆ ಕೈ ಚಾಚುತ್ತಿದ್ದ. ಅವನನ್ನು ಕರೆಯಲು ಮುದ್ದೇಬಿಹಾಳದ ಕಡೆಯಿಂದ ಮೋಟರ್ ಸೈಕಲ್ ಬರುತ್ತಿತ್ತು, ಇಂಡಿಯ ಕಡೆಯಿಂದ ಜೀಪು.

ಮೊದಲ ಸಲ ಅವನು ಆಡಿ ತಂದ ರೊಕ್ಕ ಅವ್ವನ ಕೈಗಿಟ್ಟಾಗ ಅವಳು ಗಾಬರಿಯಾದಳು. "ಆಟ ಆಡಿದ್ರ ರೊಕ್ಕಾ ಯಾರ ಕೊಡ್ತಾರೋ? ಖರೇ ಹೇಳು, ಏನ್ ಮಾಡಿ ಬಂದಿ?" ಎಂದು ಬೆನ್ನು ಹತ್ತಿದಳು. ನಾನು ಕಲಿತ ಮಾಸ್ತರನಲ್ಲವೇ, ಬುದ್ಧಿ ಹೇಳಲು ಹೋದೆ. ಟ್ರೇನಿಂಗಿನಲ್ಲಿದ್ದಾಗ ಓದಿದ್ದ ಜೈ ಅಲೈ ಎಂಬ ಆಟದ ಕತೆ ತೆಗೆದೆ. ದೂರದ ಒಂದು ಗುಡ್ಡಗಾಡು ಸೀಮೆಯ ಹುಡುಗರು ಬಲಗೈಗೆ ಡೊಂಕು ಬುಟ್ಟಿ ಕಟ್ಟಿಕೊಂಡು, ಕಲ್ಲಿನಂಥ ಚೆಂಡನ್ನು ಗೋಡೆಗೆ ಬೀಸಿ ಒಗೆದು, ಪುಟಿದು ಬಂದದ್ದನ್ನು ಅದೇ ಬುಟ್ಟಿಯಲ್ಲಿ ಹಿಡಿಯುವ ಆಟ ಅದು. ಊರಿನ ಗುಡಿಯ ಗೋಡೆಗೆ ಆಡಿಕೊಂಡಿದ್ದವರನ್ನು ಸಮುದ್ರದಾಚೆಯ ದೊಡ್ಡ ಶಹರಗಳವರು ಪಗಾರ ಕೊಟ್ಟು ಕರೆಸಿಕೊಂಡರು. ಅಮೆರಿಕದಲ್ಲಿ, ಮನಿಲಾದಲ್ಲಿ ಆ ಆಟಕ್ಕೆಂದೇ ಮಹಲು ಕಟ್ಟಿಸಿದರು. ಪ್ರತಿ ಆಟಗಾರನ ಮೇಲೂ ಜನ ಬಾಜಿ ಕಟ್ಟುತ್ತಿದ್ದರು. "ಹಂಗ ನಮ್ಮ ಹುಡುಗನೂ ಒಂದ ನೌಕರಿ ಮಾಡಾಕತ್ತಾನ ಅಂತ ತಿಳಕೋ" ಎಂದೆ.

ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ಚೆಂಡು ತಲಿಗಿ ಬಡದ್ರ?" ಎಂದಳು.

"ಸಾಯ್ತಾರ" ಎಂದು ತಮ್ಮ ನಗುತ್ತ ಹೇಳಿದ.

"ಅವರ ಅವ್ವಗೋಳು ಸುಮ್ನ ಕುಂತಿರ್ತಾರೇನ ಹಂಗಾರ?"

ನಾನು ಓದಿದ ಪುಸ್ತಕದಲ್ಲಿ ಆಟಗಾರರು ಪಗಾರಕ್ಕಾಗಿ ಮುಷ್ಕರ ಹೂಡಿದ್ದಿತ್ತು. ಆಟ ಮಾರಿಕೊಂಡರೆಂಬ ಅನುಮಾನ ಹುಟ್ಟಿ ಜನ ದೂರವಾದದ್ದೂ, ಮಹಲುಗಳು ಒಂದೊಂದಾಗಿ ಖಾಲಿಯಾದದ್ದೂ ಇತ್ತು. ಅವ್ವಂದಿರ ಸುದ್ದಿ ಎಲ್ಲೂ ಇರಲಿಲ್ಲ.

ಸಮಸ್ಯೆ ಶುರುವಾದದ್ದು ತಮ್ಮ ಬೆಳೆದ ಮೇಲೆ. ಹದಿನೆಂಟರಲ್ಲಿ ಅವನು ಐವತ್ನಾಲ್ಕು ಕಿಲೋ ಇದ್ದ. ಇಪ್ಪತ್ತೆರಡಕ್ಕೆ ಅರವತ್ತರ ಹತ್ತಿರ ಹೋದ. ಮೀಸೆ ಬಂತು, ಎದೆ ಅಗಲವಾಯಿತು. ಅವನು ಅರವತ್ತೈದರ ಪಂದ್ಯಕ್ಕೆ ಹೋಗಬಹುದಿತ್ತು. ಆದರೆ ಅಲ್ಲಿ ಎಲ್ಲರೂ ಅವನಂಥವರೇ, ಅವನನ್ನು ಕೇಳುವವರು ಯಾರು? ಅರವತ್ತರ ಮೈಯನ್ನು ಹಿಂಡಿ ಐವತ್ತೈದಕ್ಕೆ ತಂದು, ಸಣ್ಣ ಹುಡುಗರ ನಡುವೆ ಇಳಿಸಿದರೆ ಮಾತ್ರ ಅವನಿಗೆ ಬೆಲೆ. ಇದು ಅವನಿಗೂ ಗೊತ್ತಿತ್ತು, ಕರೆಸುವವರಿಗೂ ಗೊತ್ತಿತ್ತು. ಹೀಗಾಗಿ ಪ್ರತಿ ಪಂದ್ಯಕ್ಕೂ ಮುಂಚೆ ನಮ್ಮ ಮನೆಯಲ್ಲಿ ಅವನೊಬ್ಬನ ಉಪವಾಸ, ಅದನ್ನು ನೋಡಿ ಅವ್ವನ ಉಪವಾಸ. ನಾನು ಮಾತ್ರ ಉಣ್ಣುತ್ತಿದ್ದೆ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಆ ವರ್ಷ ಇಂಡಿ ತಾಲೂಕಿನ ಒಂದು ಹಳ್ಳಿಗೆ ನನ್ನನ್ನು ತೂಕ ಮಾಡಲೂ ಅಂಪೈರ್ ಆಗಲೂ ಕರೆದಿದ್ದರು. ತಮ್ಮ ಬಂದಿರಲಿಲ್ಲ. ಬೇರೆ ಊರಿನಿಂದ ಕರೆಸಿದ ಒಬ್ಬ ಹುಡುಗ ಕಾಟಾ ಹತ್ತಿದ. ತುಟಿ ಒಡೆದು ಬಿಳಿಯಾಗಿದ್ದವು. ಕಣ್ಣು ಒಳಗೆ ಹೋಗಿದ್ದವು. ದಂಡಿಗೆ ಏಳಲಿಲ್ಲ. ಅವನ ತೋಳಿಗೆ ನಾನೇ ಸಿಕ್ಕಾ ಒತ್ತಿದೆ. ಒತ್ತುವಾಗ ಚರ್ಮ ಬಿಸಿಯಾಗಿತ್ತು, ಬೆವರೇ ಇರಲಿಲ್ಲ. ಮಧ್ಯಾಹ್ನ ಮೂರನೇ ರೇಡಿಗೆ ಹೋದವನು 'ಕಬಡ್ಡಿ ಕಬಡ್ಡಿ' ಎನ್ನುತ್ತ ನಡುವೆ ನಿಂತ. ಉಸಿರು ಬಿಟ್ಟ ಎಂದು ನಾನು ಸೀಟಿ ಊದಿದೆ. ಸೀಟಿ ಊದಿ ಅವನನ್ನು ಔಟ್ ಎಂದು ಕೈ ತೋರಿಸುತ್ತಿರುವಾಗ ಅವನು ಬಿದ್ದ. ಜೀಪಿನಲ್ಲಿ ಹಾಕಿಕೊಂಡು ಒಯ್ದರು. ಮೂತ್ರಪಿಂಡ ಎರಡೂ ಕೆಟ್ಟಿವೆ ಎಂದರಂತೆ. ಮೂರನೇ ದಿನಕ್ಕೆ ಹೋದ.

ಯಾರೂ ನನ್ನನ್ನು ದೂರಲಿಲ್ಲ. ತೂಕ ಬರೋಬರಿ ಇತ್ತಲ್ಲ, ಮಾಸ್ತರ ಏನು ಮಾಡಬೇಕು ಎಂದರು. ಆದರೆ ಅಂದಿನಿಂದ ನನಗೆ ನಿದ್ದೆ ಬರದಾಯಿತು. ತಮ್ಮ ಕೆಮ್ಮಿದರೆ ಎದ್ದು ಕೂರುತ್ತಿದ್ದೆ. ಅವನು ಬಚ್ಚಲಿಗೆ ಹೋದರೆ ಉಚ್ಚೆ ಯಾವ ಬಣ್ಣ ಬಂತು ಎಂದು ಕೇಳುವಷ್ಟು ಹುಚ್ಚನಾದೆ. ಅವನು ರೇಗುತ್ತಿದ್ದ.

"ಯಣ್ಣಾ, ನೀ ಹಿಂಗ ಮಾಡಿದ್ರ ನಾ ಮನಿ ಬಿಟ್ಟ ಹೋಗ್ತೇನಿ ನೋಡು."

"ಹೋಗು, ಆದ್ರ ನೀರ ಕುಡದ ಹೋಗು."

"ಸಿಂದಗಿ ಕಡೆ ಪಂದ್ಯಾ ಒಂದ್ ಆಗ್ಲಿ. ಅದೊಂದ ಆದ್ರ ನಾ ಬಿಡ್ತೇನಿ. ಖರೇ."

ಆ ಪಂದ್ಯದ ಮೇಲೆ ಅವನು ಜೀವ ಇಟ್ಟಿದ್ದಕ್ಕೆ ಕಾರಣವಿತ್ತು. ಯಾವುದೋ ಇಲಾಖೆಯ ತಂಡಕ್ಕೆ ಹುಡುಗರನ್ನು ಆರಿಸುವವರು ಅಲ್ಲಿಗೆ ಬರುತ್ತಾರೆ ಎಂದು ಸುದ್ದಿಯಿತ್ತು. ಆರಿಸಿಕೊಂಡರೆ ಸರಕಾರಿ ನೌಕರಿ. ಆಮೇಲೆ ತೂಕವೂ ಬೇಡ, ಉಪವಾಸವೂ ಬೇಡ. ಆ ಪಂದ್ಯಕ್ಕೂ ತೂಕ ಮಾಡಲು ನನ್ನನ್ನೇ ಕರೆದಿದ್ದರು. ತಮ್ಮ ಆಡುತ್ತಾನೆ, ನಾನು ಬರುವುದಿಲ್ಲ ಎಂದೆ. ಅದಕ್ಕೇನು, ಎದುರು ತಂಡದವರು ಒಪ್ಪಿದ್ದಾರೆ, ಅವರವನೊಬ್ಬ ಪಕ್ಕದಲ್ಲೇ ಕೂರುತ್ತಾನಲ್ಲ ಎಂದರು.

ಮೂರು ದಿನ ಅವನು ಅನ್ನ ಮುಟ್ಟಲಿಲ್ಲ. ಕೊನೆಯ ಒಂದೂವರೆ ದಿನ ನೀರೂ ಇಲ್ಲ. ಹಿಂದಿನ ದಿನ ಸಂಜೆ ಮನಗೂಳಿಯ ಒಂದು ಅಂಗಡಿಯಲ್ಲಿ ತೂಗಿದಾಗ ಇನ್ನೂ ಐವತ್ತಾರರ ಮೇಲಿದ್ದ. ಬೆಳಿಗ್ಗೆ ಸಿಂದಗಿಯ ಕಡೆ ಹೊರಟ ಟೆಂಪೋವನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ, ಇಳಿದು, ಸ್ವೆಟರ್ ಹಾಕಿಕೊಂಡು ಅದರ ಹಿಂದೆ ಓಡಿದ. ನಾನು ಒಳಗೆ ಕುಳಿತು ಹಿಂದಿನ ಬಾಗಿಲಿನಿಂದ ನೋಡುತ್ತಿದ್ದೆ. ಓಡುತ್ತ ಓಡುತ್ತ ಒಮ್ಮೆ ಎಡವಿದ. ಡ್ರೈವರ್‌ಗೆ ನಿಲ್ಲಿಸು ಎಂದು ನಾನು ಕೂಗಿದರೆ, ತಮ್ಮ ಹಿಂದಿನಿಂದ ಕೈ ಬೀಸಿ ನಡಿ ನಡಿ ಎಂದ.

ಆ ಊರ ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಕಾಟಾ ಇಟ್ಟಿದ್ದರು. ಅಲ್ಲಿ ನಡೆಯುತ್ತಿದ್ದ ನಿಯಮ ನಾನೇ ಹಿಂದೊಮ್ಮೆ ಮಾಡಿಸಿದ್ದು: ಒಬ್ಬನಿಗೆ ಒಂದೇ ಸಲ. ಇಲ್ಲದಿದ್ದರೆ ಹೆಚ್ಚಾದವರೆಲ್ಲ ಓಡಿ ಬಂದು, ಉಗುಳಿ ಬಂದು ಮತ್ತೆ ಹತ್ತುತ್ತಿದ್ದರು, ಮಧ್ಯಾಹ್ನವಾದರೂ ತೂಕ ಮುಗಿಯುತ್ತಿರಲಿಲ್ಲ. ನಾನು ಕಂಬದ ಪಕ್ಕ ನಿಂತಿದ್ದೆ. ಎದುರು ತಂಡದವನು ಆ ಕಡೆ ಕುಕ್ಕರಗಾಲಲ್ಲಿ ಕುಳಿತಿದ್ದ. ಕಾಟಾದ ಜೊತೆ ಬಂದಿದ್ದ ಅಡತಿ ಅಂಗಡಿಯ ಹಮಾಲ, ತಲೆಗೆ ಕೆಂಪು ರುಮಾಲು ಸುತ್ತಿದ ಅರವತ್ತು ವರ್ಷದ ಮುದುಕ, ನನ್ನ ಹಿಂದೆ ಬೀಡಿ ಸೇದುತ್ತ ನಿಂತಿದ್ದ.

ತಮ್ಮನ ಸರದಿ ಬಂತು. ಅಂಗಿ ಕಳಚಿದ. ಪಕ್ಕೆಲುಬು ಎಣಿಸಬಹುದಿತ್ತು. ತುಟಿ ಒಡೆದು ಬಿಳಿಯಾಗಿದ್ದವು. ಹಲಗೆ ಹತ್ತುವಾಗ ಆಸರೆಗೆಂದು ನನ್ನ ಹೆಗಲ ಮೇಲೆ ಕೈ ಇಟ್ಟ, "ಕೈ ತಗೀರಿ" ಎಂದು ಎದುರಿನವನು ಗದರಿದ. ತಮ್ಮ ಕೈ ತೆಗೆದ. ಆ ಕೈ ಬಿಸಿಯಾಗಿತ್ತು. ಬೆವರಿರಲಿಲ್ಲ.

ದಂಡಿಗೆ ಅಲುಗಾಡುತ್ತಿತ್ತು. ಮೇಲೂ ಹೋಗಲಿಲ್ಲ, ಕೆಳಗೂ ನಿಲ್ಲಲಿಲ್ಲ. ಅದು ನಿಲ್ಲುವ ಮೊದಲೇ ನನ್ನ ಬಲಗಾಲಿನ ಬೂಟಿನ ತುದಿ ಹಲಗೆಯ ಅಂಚಿನ ಮೇಲೆ ಹೋಗಿತ್ತು. ಹೋಗಿತ್ತು ಎನ್ನುವುದು ಸುಳ್ಳು. ನಾನೇ ಇಟ್ಟೆ. ಇಟ್ಟು ಒತ್ತಿದೆ. ದಂಡಿಗೆ ಟಕ್ ಎಂದು ಮೇಲೆದ್ದು ಬಡಿಯಿತು.

"ಜಾಸ್ತಿ ಆತು" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ.

ಎಲ್ಲರೂ ದಂಡಿಗೆ ನೋಡಿದರು, ತಮ್ಮನ ಬಗಲು ನೋಡಿದರು. ನನ್ನ ಕಾಲು ಯಾರೂ ನೋಡಲಿಲ್ಲ. ಅಣ್ಣನಾದವನು ತಮ್ಮನನ್ನು ಭಾರ ಮಾಡುತ್ತಾನೆಂದು ಯಾರಿಗೆ ತಾನೇ ಹೊಳೆಯಬೇಕು? ಅವನನ್ನು ಕರೆಸಿದ ತಂಡದವರು ನನ್ನನ್ನು ಮುತ್ತಿದರು. "ಮಾಸ್ತರ್ರ, ಇನ್ನೊಂದ ಸಲ ನೋಡ್ರಿ. ಅರ್ಧಾ ತಾಸ ಕೊಡ್ರಿ, ಓಡಿಸಿ ತರ್ತೇವಿ." ಓಡಿಸಿ ತರುತ್ತೇವೆ! ಒಬ್ಬನಿಗೆ ಒಂದೇ ಸಲ, ತಮ್ಮನಾದರೂ ಅಷ್ಟೇ, ಅಪ್ಪನಾದರೂ ಅಷ್ಟೇ ಎಂದು ಕೂಗಾಡಿದೆ. ಅವರು ಬೈದರು. ಎದುರು ತಂಡದವನು ಎದ್ದು ನಿಂತು ನನಗೆ ಕೈ ಮುಗಿದ.

ತಮ್ಮ ಕಾಟಾದಿಂದ ಇಳಿದು ಸೀದಾ ಹೋಗಿ, ಹುಡುಗರಿಗೆಂದು ತುಂಬಿಟ್ಟಿದ್ದ ಕೊಡ ಎತ್ತಿ ಬಾಯಿಗೆ ಹಿಡಿದ. ಗಟಗಟನೆ ಕುಡಿದ. ನೀರು ಎದೆಯ ಮೇಲೆ ಸುರಿಯಿತು. ನಾನು ನೋಡುತ್ತ ನಿಂತೆ. ಜೀವಮಾನದಲ್ಲಿ ಅಷ್ಟು ನಿರಾಳ ನನಗೆ ಮತ್ತೆಂದೂ ಆಗಿಲ್ಲ, ಅಷ್ಟು ನಾಚಿಕೆಯೂ.

ಅಂದು ಆರಿಸುವವರು ಖರೇನೇ ಬಂದರು. ಶಾಮಿಯಾನದ ಕೆಳಗೆ ಕುಳಿತು ಪಂದ್ಯ ನೋಡಿದರು. ತಮ್ಮನ ಜಾಗದಲ್ಲಿ ಇಳಿದ ಹುಡುಗನ ಹೆಸರು ಬರೆದುಕೊಂಡು ಹೋದರು. ಅವನಿಗೆ ಮುಂದೆ ನೌಕರಿಯೂ ಆಯಿತು.

ಕಾಟಾ ಟ್ರ್ಯಾಕ್ಟರಿಗೆ ಏರಿಸುವಾಗ ಆ ಹಮಾಲ ನನ್ನ ಹತ್ತಿರ ಬಂದ. ಬೀಡಿ ಕೇಳುತ್ತಾನೇನೋ ಎಂದುಕೊಂಡೆ. ಅವನು ನನ್ನ ಬೂಟು ನೋಡುತ್ತ, ಮೆಲ್ಲಗೆ ಹೇಳಿದ: "ಒಮ್ಮೊಮ್ಮಿ ನಾವೂ ಇಡ್ತೇವ್ರಿ, ಮಾಸ್ತರ್ರ. ಸಾವ್ಕಾರ ಇಡು ಅಂದಾಗ. ನಿಮಗ ಯಾರ ಇಡು ಅಂದ್ರು?"

"ಯಾರೂ ಅನ್ನಲಿಲ್ಲ" ಎಂದೆ.

"ಆತು ಬಿಡ್ರಿ" ಎಂದು ಅವನು ಟ್ರ್ಯಾಕ್ಟರ್ ಹತ್ತಿದ. ಅವನು ಯಾರಿಗೂ ಹೇಳಲಿಲ್ಲ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಸಿಂದಗಿಯ ಸಂತೆಯಲ್ಲಿ ಅವನಂಥ ಕೆಂಪು ರುಮಾಲು ಕಂಡರೆ ಸಾಕು, ನಾನು ಬೇರೆ ಓಣಿಗೆ ತಿರುಗುತ್ತಿದ್ದೆ. ಎರಡು ವರ್ಷ ಹಾಗೆ ಓಣಿ ತಪ್ಪಿಸಿದೆ.

ಮನೆಗೆ ಬಂದ ಮೇಲೆ ತಮ್ಮ ಅವ್ವನ ಮುಂದೆ ಕುಳಿತು ಅತ್ತ. ಅವನು ಅತ್ತದ್ದು ನನ್ನ ಮೇಲಿನ ಸಿಟ್ಟಿಗಲ್ಲ. "ತಪ್ಪ ನಂದ ಐತಿ ಯವ್ವಾ. ಮುಂಜಾನೆ ಬಾಯಿ ಮುಕ್ಕಳಸೂವಾಗ ಒಂದ ಗುಟುಕ ನುಂಗಿದ್ನಿ. ತಡ್ಯಾಕ ಆಗಲಿಲ್ಲ. ಅದ ಒಂದ ಗುಟುಕ ನನ್ನ ಮುಳಗಸ್ತು" ಎಂದ. ಅವ್ವ ಅವನ ತಲೆ ಸವರುತ್ತ ನನ್ನ ಮುಖ ನೋಡಿದಳು. ನಾನು ಎದ್ದು ಹಿತ್ತಲಿಗೆ ಹೋದೆ. ಆಗಲೇ ಹೇಳಬೇಕಿತ್ತು. ಹೇಳಿದರೆ ಮುಂದಿನ ಪಂದ್ಯಕ್ಕೆ ಮತ್ತೆ ಉಪವಾಸ ಕೂರುತ್ತಾನೆ ಎಂಬ ಭಯ ಅರ್ಧ, ನನ್ನ ಗತಿ ಏನಾಗುತ್ತದೋ ಎಂಬ ಭಯ ಅರ್ಧ. ಅರ್ಧ ಎಂದದ್ದು ಕೂಡ ನನ್ನ ಸಮಾಧಾನಕ್ಕೆ, ಎರಡನೆಯದೇ ದೊಡ್ಡದಿತ್ತೋ ಏನೋ.

ಅದಾದ ಮೇಲೆ ನಡೆದದ್ದು ನೋಡಿ. ಸುದ್ದಿ ಗಾಳಿಗಿಂತ ಜೋರಾಗಿ ಹಬ್ಬಿತು. ಒಡಹುಟ್ಟಿದ ತಮ್ಮನನ್ನೂ ಬಿಡದ ಮಾಸ್ತರ! ಕಾಟಾ ಸುಳ್ಳು ಹೇಳಬಹುದು, ಈ ಮನುಷ್ಯ ಹೇಳುವುದಿಲ್ಲ! ಮುದ್ದೇಬಿಹಾಳದವರು ಬಂದರು, ಇಂಡಿಯವರು ಬಂದರು, ಯಂಕಂಚಿಯಿಂದ, ಮುಳವಾಡದಿಂದ ಚೀಟಿ ಬಂದವು. ಜಗಳವಾಗಬಹುದಾದ ಪಂದ್ಯಕ್ಕೆಲ್ಲ ನಾನೇ ಬೇಕು. ನಾನು ಒಲ್ಲೆ ಎಂದಷ್ಟೂ, ಇಂಥವರೇ ಬೇಕು ನೋಡು ಎಂದು ಎಳೆದೊಯ್ದರು. ಹೋದ ಕಡೆ ಒಬ್ಬರಲ್ಲ ಒಬ್ಬರು ಆ ಕತೆ ತೆಗೆಯುತ್ತಿದ್ದರು. ಕತೆಯಲ್ಲಿ ತಮ್ಮ ಒಂದು ಕಡೆ ನೂರು ಗ್ರಾಂ ಹೆಚ್ಚಿದ್ದರೆ, ಇನ್ನೊಂದು ಕಡೆ ಇನ್ನೂರು. ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದೆ. ಅದನ್ನು ನೋಡಿ, ಎಷ್ಟು ಸಣ್ಣವರಾಗಿ ಕುಂತಾರ ನೋಡು, ದೊಡ್ಡ ಮನುಷ್ಯರ ಲಕ್ಷಣ ಎನ್ನುತ್ತಿದ್ದರು. ಕಳ್ಳನ ಹೆಂಡತಿ ಎಂದಿದ್ದರೂ ಮುಂಡೆ ಎನ್ನುತ್ತಾರೆ, ಕಳ್ಳನಿಗೆ ಮಾತ್ರ ಎಂದೋ ಸಿಗುವ ಏಟಿಗಾಗಿ ದಿನವೂ ಬೆನ್ನು ಬಗ್ಗಿಸಿ ಕಾಯುವ ಶಿಕ್ಷೆ.

ಒಂದೇ ಒಂದು ಒಳ್ಳೆಯದನ್ನು ಮಾಡಿದೆ. ಹುಡುಗನ ತುಟಿ, ಕಣ್ಣು ನೋಡಿ, ಮೈ ಮುಟ್ಟಿ ನೋಡಿ, ಬೆವರಿಲ್ಲದ ಬಿಸಿ ಮೈಯವನನ್ನು ಕಾಟಾ ಹತ್ತಿಸದೆ ಕಳಿಸಲು ಶುರುಮಾಡಿದೆ. ತೂಕದ ಮಾಸ್ತರ ಹೇಳಿದರೆ ಮುಗಿಯಿತು ಎಂದು ಜನ ಒಪ್ಪಿದರು. ಸುಳ್ಳಿನಿಂದ ಬಂದ ಹೆಸರು ಅಷ್ಟಾದರೂ ಉಪಯೋಗಕ್ಕೆ ಬಂತು.

ತಮ್ಮ ಆ ವರ್ಷವೇ ಆಟ ಬಿಟ್ಟ. ತೂಕಕ್ಕೆ ಇಳಿಯದವನನ್ನು ಕರೆಸುವವರು ಕಡಿಮೆಯಾದರು, ಅವನಿಗೂ ಮನಸ್ಸು ಮುರಿಯಿತು. ಕೆಲವು ತಿಂಗಳು ಮನೆಯಲ್ಲೇ ಬಿದ್ದುಕೊಂಡಿದ್ದ. ಆಮೇಲೆ ಇಂಡಿಯ ಲಿಂಬೆಹಣ್ಣು ಪೇಟೆಗೆ ಸಾಗಿಸುವ ಟೆಂಪೋ ಓಡಿಸಲು ಹೋದ. ನಾಲ್ಕು ವರ್ಷದಲ್ಲಿ ಅವನದೇ ಟೆಂಪೋ ಆಯಿತು. ಮದುವೆಯಾಯಿತು, ಒಂದು ಹೆಣ್ಣುಮಗು, ಸಣ್ಣ ಹೊಟ್ಟೆ. ಅವನು ತಟ್ಟೆಗೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ನಾನು ಓರೆಗಣ್ಣಿನಿಂದ ನೋಡಿ ಸಮಾಧಾನ ಪಡುತ್ತಿದ್ದೆ. ಇದ್ದಾನಲ್ಲ, ಅಷ್ಟು ಸಾಕು ಎನ್ನುತ್ತಿದ್ದೆ. ಮರುಗಳಿಗೆ, ಇವನಿಗೆ ಏನೂ ಆಗುತ್ತಿರಲಿಲ್ಲವೇನೋ, ನೌಕರಿ ಆಗುತ್ತಿತ್ತೇನೋ ಎಂದು ಎದೆ ಕೊರೆಯುತ್ತಿತ್ತು.

ಎರಡು ಸಾವಿರದ ಆಚೆ ಕೆಲವು ವರ್ಷಗಳಾದ ಮೇಲೆ, ಮುದ್ದೇಬಿಹಾಳದ ಹಳೆಯ ಆಟಗಾರರೆಲ್ಲ ಸೇರಿ ನನಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು. ಅಷ್ಟು ಹೊತ್ತಿಗೆ ತೂಕದ ಕಬಡ್ಡಿ ಬಹಳ ಕಡಿಮೆಯಾಗಿತ್ತು, ಹಳಬರಿಗೆ ಅದರ ನೆನಪು ರುಚಿಸತೊಡಗಿತ್ತು. ನನ್ನ ಬಗ್ಗೆ ಎರಡು ಮಾತಾಡಲು ತಮ್ಮನನ್ನೇ ಕೇಳಿದ್ದರು. ಕೇಳಿದ ದಿನದಿಂದ ಅವನಿಗೆ ಸಂಭ್ರಮ. ಹಾಳೆಯಲ್ಲಿ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಮನಗೂಳಿಗೆ ಬಂದು, ನನ್ನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ, ಎದುರಿಗೆ ನಿಂತು ಓದತೊಡಗಿದ. ಅವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಸಭಿಕರೇ, ಅಂದು ನಾನು ಬರೇ ಇನ್ನೂರು ಗ್ರಾಂ ಹೆಚ್ಚಿದ್ದೆ. ನಮ್ಮಣ್ಣನವರು ಕಣ್ಣು ಮುಚ್ಚಿ ಬಿಡಬಹುದಿತ್ತು. ಆದರೆ ಅವರು ನ್ಯಾಯವನ್ನು ನೋಡಿದರು, ತಮ್ಮನನ್ನು ನೋಡಲಿಲ್ಲ."

"ಸಾಕ್ ಮಾಡು" ಎಂದೆ.

"ಚಲೋ ಆಗಿಲ್ಲೇನ?"

"ನಾ ಕಾಲ ಇಟ್ಟಿದ್ನಿ."

ಅವನಿಗೆ ಅರ್ಥವಾಗಲಿಲ್ಲ. ನಗುಮುಖದಲ್ಲೇ ನಿಂತಿದ್ದ. ನಾನು ಎಲ್ಲ ಹೇಳಿದೆ. ಬೂಟು, ಹಲಗೆಯ ಅಂಚು, ಇಂಡಿಯ ಆ ಹುಡುಗ, ಟೆಂಪೋದ ಹಿಂದೆ ಅವನು ಎಡವಿದ್ದು. ನಾನು ಹೇಳುತ್ತ ಹೋದಂತೆ ಅವ್ವನ ಕೈಯಲ್ಲಿ ಶೇಂಗಾ ಒಡೆಯುವ ಸದ್ದು ನಿಂತಿತು. ತಮ್ಮ ಹೊಡೆಯಬಹುದು, ಬೈಯಬಹುದು, ಎದ್ದು ಹೋಗಬಹುದು ಎಂದು ನಾನು ಅಷ್ಟೂ ವರ್ಷ ಎಣಿಸಿದ್ದೆ. ಅವನು ಹಾಳೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಹಂಗಾರ ಖರೇ ಎಷ್ಟ ಇದ್ನಿ ನಾ?" ಎಂದ.

ಅದೊಂದನ್ನು ನಾನು ಎಣಿಸಿರಲಿಲ್ಲ.

"ಹೇಳು. ಐವತ್ತೈದರ ಒಳಗ ಇದ್ನೋ, ಮ್ಯಾಲ ಇದ್ನೋ? ನೀ ಅಲ್ಲೇ ಇದ್ದಿ. ದಂಡಿಗಿ ನಿನ್ನ ಕಣ್ಣ ಮುಂದ ಇತ್ತು."

"ಗೊತ್ತಿಲ್ಲೋ ತಮ್ಮಾ. ಅದು ನಿಲ್ಲೂತನಕಾ ನಾ ತಡಿಲಿಲ್ಲ."

"ಒಂದ ಗಳಿಗಿ?"

"ಒಂದ ಗಳಿಗೀನೂ ತಡಿಲಿಲ್ಲ."

ನೀರು ಬೇಕೇನೋ ಎಂದು ಅವ್ವ ಕೇಳಿದಳು. ಬೇಡ ಎಂದ. ಆಮೇಲೆ, ಯಾರಿಗೋ ಹೇಳುವಂತೆ, "ಅದರ ಮ್ಯಾಲ ಏಳ ವರ್ಷ ಆ ಗುಟುಕ ನೀರಿಗಿ ಬೈಕೋಂತ ಬಂದ್ನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವ್ವ ನನಗೆ ಬೆನ್ನು ಹಾಕಿ ಕುಳಿತು ಮತ್ತೆ ಶೇಂಗಾ ಸುಲಿಯತೊಡಗಿದಳು.

ಮರುದಿನ ಅವನು ಬರುವುದಿಲ್ಲ ಎಂದುಕೊಂಡೇ ನಾನು ಮುದ್ದೇಬಿಹಾಳದ ಬಸ್ ಹತ್ತಿದೆ. ಹೋಗಿ ಅಲ್ಲಿ ನಿಂತು ನಾನೇ ಎಲ್ಲ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಹೋಗಿ ನೋಡಿದರೆ ಅವನು ಮೊದಲೇ ಬಂದು ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ. ಹೊಸ ಅಂಗಿ ಹಾಕಿದ್ದ. ನನ್ನ ಕಡೆ ನೋಡಲಿಲ್ಲ. ಅವನ ಹೆಸರು ಕರೆದರು. ಇಲ್ಲೇ, ಎಲ್ಲರ ಮುಂದೆ ಹೇಳುತ್ತಾನೆ, ಹೇಳಲಿ, ಹೇಳಿದರೇ ಒಳ್ಳೆಯದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವನು ಹಾಳೆ ತೆಗೆದು ಓದಿದ. ಅಂಗಳದಲ್ಲಿ ಓದಿದ್ದನ್ನೇ, ಅಕ್ಷರ ಬಿಡದೆ ಓದಿದ. ಇನ್ನೂರು ಗ್ರಾಂ ಎಂಬ ಸಾಲು ಬಂದಾಗ ಮಾತ್ರ ನಿಂತ. ಹಾಳೆ ಕೆಳಗಿಳಿಸಿ ಮೊದಲ ಸಲ ನನ್ನ ಕಡೆ ತಿರುಗಿದ.

"ಅವತ್ತ ನಾ ಎಷ್ಟ ಇದ್ನಿ ಅನ್ನೂದು ನಮ್ಮಣ್ಣಗ ಒಬ್ಬಂವಗ ಗೊತ್ತೈತ್ರಿ" ಎಂದ.

ಜನ ಚಪ್ಪಾಳೆ ತಟ್ಟಿದರು. ಯಾರೋ ಶಾಲು ಬಿಚ್ಚಿ ಹಿಡಿದುಕೊಂಡು ಬಂದರು, ನಾನು ಎದ್ದು ನಿಂತೆ.